ಒಂದು ಬ್ರೇಕಿನ ಪಂಚನಾಮೆ

ಕಳೆದ ಡಿಸೆಂಬರಿನ ಎರಡನೇ ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ, ಲಿಂಗಸುಗೂರಿನ ಒಂದು ಗ್ಯಾರೇಜಿನಲ್ಲಿ, ನಮ್ಮ ಕಾಕಾನ ಹಳೆಯ ಪುಟ್ಟ ಕಾರಿಗೆ ಹೊಸ ಬ್ರೇಕು ಕೂಡಿಸಲಾಯಿತು. ಕೆಲಸಕ್ಕೆ ಹಿಡಿದ ಸಮಯ ಒಂದೂವರೆ ದಿನ. ಕೂಡಿಸಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಹಿಡಿದ ಸಮಯ ಎರಡು ವರ್ಷ ಎಂಟು ತಿಂಗಳು.

ಇಷ್ಟು ಓದಿ ಕಾಕಾನನ್ನು ಸೋಮಾರಿ ಎಂದುಕೊಳ್ಳಬೇಡಿ. ಜಿಪುಣ ಎಂದಂತೂ ಅನ್ನಲೇಬೇಡಿ. ಈ ಎರಡು ವರ್ಷ ಎಂಟು ತಿಂಗಳಲ್ಲಿ ಅವನು ಒಂದು ದಿನವೂ ಸುಮ್ಮನೆ ಕೂತವನಲ್ಲ! ನಮ್ಮ ಮನೆತನದಲ್ಲಿ, ಬಹುಶಃ ಇಡೀ ಸಿಂಧನೂರಿನಲ್ಲಿ, ಒಂದು ಕೆಲಸವನ್ನು ಮಾಡದೇ ಇರುವುದಕ್ಕೆ ಇಷ್ಟು ದುಡಿದ ಮನುಷ್ಯ ಮತ್ತೊಬ್ಬನಿಲ್ಲ.

ಬ್ರೇಕು ಬೇಕಾಗಿದ್ದದ್ದು ಅವನಿಗಲ್ಲ. ಅವನ ಹೆಂಡತಿಗೆ, ಅಂದರೆ ನಮ್ಮ ಚಿಗವ್ವನಿಗೆ. ಅರವತ್ತು ದಾಟಿದ ಮೇಲೆ ಅವಳಿಗೆ ಕಾರು ನಡೆಸಬೇಕೆಂದು ಮನಸ್ಸಾಯಿತು. ದೂರದ ಆಸೆಯೇನೂ ಅಲ್ಲ. ಸಿಂಧನೂರಿನಿಂದ ಮಸ್ಕಿಗೆ, ಅವಳ ಅಕ್ಕನ ಮನೆಗೆ; ಅಲ್ಲಿಂದ ವಾಪಸ್. ಅಷ್ಟೇ.

"ಬಸ್ಸಿನ್ಯಾಗ ಹೋದ್ರ ಬಸ್ಸಿನವ್ರು ಹೇಳಿದಾಗ ಏಳಬೇಕು. ಇವ್ರ ಜೋಡಿ ಹೋದ್ರ ಇವ್ರು ಹೇಳಿದಾಗ ಏಳಬೇಕು. ಅಕ್ಕನ ಮಾತು ಅರ್ಧಕ್ಕ ಬಿಟ್ಟು ಎದ್ದು ಬಂದು ಬಂದು ನಲವತ್ತು ವರ್ಷ ಆತು. ಒಮ್ಮೆರ ಮಾತು ಮುಗದ ಮ್ಯಾಲೆ ಏಳ್ತೀನಿ" ಎಂದು ಅವಳು ನನಗೆ ಹೇಳಿದ್ದಳು. ಜಿಲ್ಲಾ ವರದಿಗಾರನಾಗಿ ನಾನು ಬಹಳ ಜನರ ಬೇಡಿಕೆ ಕೇಳಿದ್ದೇನೆ. ಇಷ್ಟು ಸ್ಪಷ್ಟವಾದದ್ದು ಅಪರೂಪ.

ಇನ್ನು ಕಾಕಾ. ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿದ್ದು ನಿವೃತ್ತನಾದವನು. ಲಿಂಗಸುಗೂರು, ಮಸ್ಕಿ, ಮುದಗಲ್ ಕಡೆಯ ಹೊಲದ ಬದುಗಳನ್ನೆಲ್ಲ ಮೂವತ್ತು ವರ್ಷ ತುಳಿದಿದ್ದಾನೆ. ಹೊಲ ಅಳೆಯುವ ಕಬ್ಬಿಣದ ಸರಪಳಿ ಗೊತ್ತಲ್ಲ, ಮೂವತ್ಮೂರು ಅಡಿಯದು? ಅದರ ಹದಿನಾರನೇ ಒಂದು ಪಾಲಿಗೆ ಅವರ ಇಲಾಖೆಯಲ್ಲಿ ಒಂದು ಆಣೆ ಎನ್ನುತ್ತಾರೆ. ಊರಿನವರೆಲ್ಲ ಮೀಟರಿಗೆ ಬಂದು ಎಷ್ಟೋ ಕಾಲವಾಯಿತು. ಕಾಕಾನಿಗೆ ಮಾತ್ರ ಜಗತ್ತು ಇನ್ನೂ ಸರಪಳಿ-ಆಣೆಯಲ್ಲಿದೆ. ನನ್ನ ತಂಗಿಯ ಮದುವೆಯಲ್ಲಿ ಬೀಗರು ಅವನನ್ನು ಊಟಕ್ಕೆ ಕರೆಯಲು ಬಂದಾಗ ಅವನು ಹಂದರದ ಉದ್ದಕ್ಕೂ ಹೆಜ್ಜೆ ಎಣಿಸುತ್ತಿದ್ದ. "ಬೀಗ್ರ, ನಿಮ್ಮ ಹಂದರ ಬಾಜೂ ಪ್ಲಾಟಿನ್ಯಾಗ ಮೂರು ಆಣೆ ಹೋಗೈತಿ ನೋಡ್ರಿ" ಎಂದ. ಬಾಜೂ ಪ್ಲಾಟಿನವರು ಅದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದರು. ಎರಡನೆಯ ಹೋಳಿಗೆ ಅವರಿಗೆ ಇಳಿಯಲಿಲ್ಲ!

ಕಾರಿನ ವಿಷಯ. ಒಂದು ಕಾಲಕ್ಕೆ ಮುಂಬೈಯಲ್ಲಿ ಕಪ್ಪು-ಹಳದಿ ಬಳಿದುಕೊಂಡು ಟ್ಯಾಕ್ಸಿಯಾಗಿ ಓಡುತ್ತಿತ್ತಲ್ಲ, ಅದೇ ಜಾತಿಯ ಪುಟ್ಟ ಕಾರು. ಕಾಕಾನದು ಕೆನೆ ಬಣ್ಣ. ನಾಲ್ಕೂ ಗಾಲಿಗೆ ಹಳೆಯ ಕಾಲದ ಡ್ರಮ್ ಬ್ರೇಕು. ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನ ನೆರವು ಪೆಡಲಿಗಿಲ್ಲ. ಒತ್ತಬೇಕೆಂದರೆ ಹೊಲದ ಬಾಂದುಕಲ್ಲನ್ನು ಕಾಲಿನಿಂದ ನೂಕಿದಂತೆ. ಮೂವತ್ತು ವರ್ಷ ಬದು ತುಳಿದ ಕಾಕಾನ ಕಾಲಿಗೆ ಅದು ಕಷ್ಟವೆನಿಸಲಿಲ್ಲ. ಚಿಗವ್ವನ ಕಾಲು ಸಣ್ಣದು. ಸಮಸ್ಯೆ ಇರುವುದು ಇಷ್ಟರಲ್ಲೇ.

ಚಿಗವ್ವ ಕಾಕಾನಿಗೆ ಹೇಳದೆ ಹೋಗಿ ಕಲಿಯುವವರ ಲೈಸೆನ್ಸು ತಂದಳು. ಪರೀಕ್ಷೆಯಲ್ಲಿ ರಸ್ತೆ ಚಿಹ್ನೆಯ ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರ ಕೊಟ್ಟಿದ್ದಳು. ಲೈಸೆನ್ಸಿನ ಆಯುಷ್ಯ ಆರು ತಿಂಗಳು. ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಫೋಟೋ ಚಲೋ ಬಂದೈತಿ" ಎಂದ. ಒಪ್ಪಿಗೆಯೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ಮೊದಲ ಪಾಠ ಜವಳಗೇರಾದ ಹಾದಿಯಲ್ಲಿ, ಕಾಕಾನ ಪರಿಚಯದವರ ಹೊಲದಲ್ಲಿ. ನೆಲ್ಲು ಕೊಯ್ದಾಗಿತ್ತು, ನೆಲ ಒಣಗಿತ್ತು. ಚಿಗವ್ವ ಸ್ಟೀರಿಂಗ್ ಹಿಡಿದಳು, ಕಾಕಾ ಪಕ್ಕದಲ್ಲಿ, ನಾನು ಬದುವಿನ ಮೇಲೆ. ಗೇರು ಬಿತ್ತು. ಕಾರು ಹೊರಟಿತು. ನೆಟ್ಟಗೆ, ನಿಧಾನವಾಗಿ, ಎಷ್ಟು ಚೆನ್ನಾಗಿ ಹೊರಟಿತು ಅಂತೀರಿ! ನಾನು ಚಪ್ಪಾಳೆ ಹೊಡೆದೆ.

"ಹಿಡಿ" ಎಂದ ಕಾಕಾ.

ಚಿಗವ್ವ ಬ್ರೇಕು ಒತ್ತಿದಳು. ಕಾರು ಹೋಗುತ್ತಿತ್ತು.

"ಹಿಡೀಬೇ!"

"ಹಿಡದೀನ್ರೀ!" ಅವಳು ಎರಡೂ ಕಾಲು ಕೊಟ್ಟು ಸೀಟಿನಿಂದ ಎದ್ದೇಬಿಟ್ಟಿದ್ದಳು. ಕಾರು ಮೂರು ಸರಪಳಿ ದೂರ ಹೋಗಿ ಹುಲ್ಲಿನ ಬಣವೆಯಲ್ಲಿ ಮೂತಿ ತೂರಿಸಿ ನಿಂತಿತು. ಪ್ರಾಣಹಾನಿ ಇಲ್ಲ. ಹೊಲದ ಯಜಮಾನ ಓಡಿ ಬಂದು, ಹುಲ್ಲೊಳಗಿಂದ ಇಳಿದ ಕಾಕಾನ ತಲೆಯ ಮೇಲಿನ ಹುಲ್ಲು ತೆಗೆಯುತ್ತ ಕೇಳಿದ: "ಸರ್ವೇರ್ ಸಾಹೇಬ್ರ, ನಮ್ಮ ಹದ್ದು ಇಲ್ಲೀತನಕ ಅಂತೀರೇನು?"

ಮರುವಾರ ಕಾಕಾ ಕಾರನ್ನು ಲಿಂಗಸುಗೂರಿಗೆ ಒಯ್ದ. ನೌಕರಿಯಲ್ಲಿದ್ದಾಗಿನಿಂದ ಅವನು ನಂಬಿದ ಮಿಸ್ತ್ರಿ ಅಲ್ಲಿದ್ದಾರೆ. ಮಿಸ್ತ್ರಿ ಗಾಲಿ ಬಿಚ್ಚಿ ನೋಡಿ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು.

"ಸಾಹೇಬ್ರ, ಮುಂದಿನ ಎರಡು ಗಾಲಿಗೆ ಡಿಸ್ಕ್ ಹಾಕೋಣ. ಒಂದು ಬೂಸ್ಟರ್ ಕುಂದ್ರಿಸೋಣ. ಅವ್ವಾರು ಬೆರಳಿಲೆ ಒತ್ತಿದ್ರೂ ನಿಲ್ತದ."

"ಮೂಲದಾಗ ಇತ್ತೇನದು?"

"ಮೂಲದಾಗ ಎಲ್ಲಿ ಇರ್ತದ್ರಿ? ಬ್ಯಾರೆ ಗಾಡೀದು ತಂದು ಜೋಡಸಬೇಕು."

"ಹಂಗಾರ ವಿಚಾರ ಮಾಡಬೇಕಾಗ್ತದ" ಎಂದ ಕಾಕಾ.

ಸರ್ವೆ ಇಲಾಖೆಯಲ್ಲಿ ಮೂಲ ಟಿಪ್ಪಣಿ ಎಂಬುದೊಂದಿದೆ. ಒಂದು ಹೊಲವನ್ನು ಮೊಟ್ಟಮೊದಲು ಅಳೆದವರು ಬರೆದಿಟ್ಟ ನಕ್ಷೆ ಅದು. ಹೊಲ ಹೊಳೆಯ ಪಾಲಾದರೂ ಟಿಪ್ಪಣಿಯನ್ನು ಕೈಯಿಂದ ತಿದ್ದುವಂತಿಲ್ಲ. ತಿದ್ದಬೇಕೆಂದರೆ ನೋಟೀಸು, ಅಳತೆ, ಪಂಚನಾಮೆ, ತಕರಾರಿನ ವಿಚಾರಣೆ, ಆಮೇಲೆ ಆದೇಶ. ಕಾರನ್ನು ಕಾಕಾ ಅದೇ ಸಾಲಿಗೆ ಸೇರಿಸಿದ! ಮನೆಗೆ ಬಂದವನೇ ಒಂದು ದಪ್ಪ ಪುಸ್ತಕಕ್ಕೆ ರಟ್ಟು ಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ "ಬ್ರೇಕ್ ಬದಲಾವಣೆ ಪ್ರಕರಣ" ಎಂದು ಬರೆದ.

ಮೊದಲು ಅಳತೆ. ಮಸ್ಕಿಯ ಹೊರಗೆ ರಸ್ತೆ ನೆಟ್ಟಗಿರುವ ಕಡೆ, ನಲವತ್ತರ ವೇಗದಲ್ಲಿ ಬಂದು ಬ್ರೇಕು ಒತ್ತಿದರೆ ಕಾರು ಎಷ್ಟು ದೂರಕ್ಕೆ ನಿಲ್ಲುತ್ತದೆ? ಕಾಕಾ ಬರುವುದು, ನಾನು ವಸ್ತ್ರ ಬೀಸುವುದು, ಕಾಕಾ ನಿಲ್ಲಿಸುವುದು, ಇಬ್ಬರೂ ಸೇರಿ ಸರಪಳಿ ಹಿಡಿಯುವುದು. ಒಂದು ಸರಪಳಿ ಆರು ಆಣೆ. ಮತ್ತೊಮ್ಮೆ, ಒಂದು ಸರಪಳಿ ಒಂಬತ್ತು ಆಣೆ. ಒಣ ರಸ್ತೆ, ತೊಯ್ದ ರಸ್ತೆ, ಬೆಳಗಿನ ತಂಪು, ಮಧ್ಯಾಹ್ನದ ಬಿಸಿಲು, ಊಟದ ಮೊದಲು, ಊಟದ ನಂತರ. ಇದು ವಾರಗಟ್ಟಲೆ ನಡೆಯಿತು.

ಪರಿಣಾಮ ಏನಾಯಿತು ಗೊತ್ತೆ? ರಸ್ತೆ ಬದಿಯ ಹೋಟೆಲಿನವನು ನನ್ನನ್ನು ಮೆಲ್ಲಗೆ ಕರೆದು, "ಯಣ್ಣಾ, ರೋಡ್ ಅಗಲ ಮಾಡ್ತಾರಂತಲ್ಲ, ಖರೇನು?" ಎಂದ. ನಾನು ಇಲ್ಲ ಎಂದೆ. "ಪೇಪರಿನವ್ರು ಇಲ್ಲ ಅಂದ್ರ ಐತಿ ಅಂತನ ಲೆಕ್ಕ" ಎಂದು ಅವನು ತಗಡಿನ ಚಪ್ಪರವನ್ನು ಅಂದೇ ಎರಡಡಿ ಹಿಂದಕ್ಕೆ ಸರಿಸಿದ. ಅವನನ್ನು ನೋಡಿ ಸೈಕಲ್ ಅಂಗಡಿ, ಅದನ್ನು ನೋಡಿ ಬೀಜದ ಅಂಗಡಿ. ಒಂದೇ ವಾರದಲ್ಲಿ ಆ ಸಾಲೆಲ್ಲ ಹಿಂದೆ ಸರಿದು ನಿಂತಿತು. ಯಾವ ಆದೇಶಕ್ಕೂ ಜಗ್ಗದವರನ್ನು ಕಾಕಾನ ಬ್ರೇಕು ಜಗ್ಗಿಸಿತ್ತು!

ನಾವು ಈ ಕಥೆ ಹೇಳಿಕೊಂಡು ತಿಂಗಳುಗಟ್ಟಲೆ ನಕ್ಕೆವು. ಅಷ್ಟರಲ್ಲಿ ಚಿಗವ್ವನ ಮೊದಲ ಲೈಸೆನ್ಸಿನ ಆರು ತಿಂಗಳು ಮುಗಿದವು. ಅವಳು ಯಾರಿಗೂ ಏನೂ ಹೇಳದೆ ಹೋಗಿ ಎರಡನೆಯದನ್ನು ತಂದಳು.

ಮುಂದೆ ವಿಚಾರಣೆ. ಕಾರಿನಲ್ಲಿ ಕೂರುವವರು, ಕಾರನ್ನು ಮುಟ್ಟುವವರು ಎಲ್ಲರೂ ಹಿತಾಸಕ್ತಿ ಉಳ್ಳವರು ಎಂಬುದು ಕಾಕಾನ ವಾದ. ಅದರಂತೆ ಮೂವರಿಗೆ ನೋಟೀಸು ಹೋಯಿತು: ನನಗೆ, ಮಿಸ್ತ್ರಿಗೆ, ಸಂತೆಯ ದಿನ ಕಾರಿನಲ್ಲಿ ಜೊತೆಗೆ ಬರುವ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ. ಒಂದು ರವಿವಾರ ಬೆಳಿಗ್ಗೆ ಕಾಕಾನ ಪಡಸಾಲೆಯಲ್ಲಿ ಕಲಾಪ ಶುರುವಾಯಿತು. ಮಿಸ್ತ್ರಿ ಪಾಪ, ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬಂದಿದ್ದರು.

ಮೊದಲ ಹೇಳಿಕೆ ಹೆಡ್‌ಮಾಸ್ತರರದು. "ನನಗ ಈಗಿನ ಬ್ರೇಕಿಂದ ತಕರಾರಿಲ್ಲ. ಗಾಡಿ ಜಲ್ದಿ ನಿಲ್ಲಂಗಿಲ್ಲ ಅನ್ನೂ ಅಂಜಿಕಿಗೆ ಸರ್ವೇರ್ ಸಾಹೇಬ್ರು ಭಾಳ ಹುಷಾರ್ಲೆ ನಡಸ್ತಾರ. ಬ್ರೇಕ್ ಚಲೋ ಆದ್ರ ಇವ್ರ ಹುಷಾರಿ ಹೋಗ್ತದ."

ಕಾಕಾ ಅಕ್ಷರ ಬಿಡದೆ ಬರೆದುಕೊಂಡ. ನನ್ನ ಸರದಿ ಬಂತು.

"ಎರಡೂ ಕಡೆ ನೋಡಬೇಕಾಗ್ತದ ಕಾಕಾ" ಎಂದೆ. "ಹೊಸಾದು ಹಾಕಿದ್ರ ಸುರಕ್ಷಿತ. ಹಳೇದು ಇದ್ರ ಗಾಡೀದು ಮೂಲ ರೂಪ ಉಳೀತದ."

"ಅಂದ್ರ ನೀ ಯಾವ ಕಡೆ?"

"ಎರಡೂ ಕಡೆ ಸತ್ಯ ಐತಿ."

ಕಾಕಾ ನನ್ನ ಹೆಸರಿನ ಮುಂದೆ "ಅಭಿಪ್ರಾಯವಿಲ್ಲ" ಎಂದು ಬರೆದ. ಅಂದು ನನಗೆ ಅದೊಂದು ಪ್ರಶಸ್ತಿಯಂತೆ ಕಂಡಿತು. ವರದಿಗಾರ ಪಕ್ಷ ಹಿಡಿಯಬಾರದೆಂದು ನಾನು ಕಲಿತದ್ದು ಪತ್ರಿಕೆಯಲ್ಲಿ. ಪಡಸಾಲೆ ಪತ್ರಿಕೆಯಲ್ಲ ಎಂಬುದು ಹೊಳೆಯಲಿಲ್ಲ. ಕಾಕಾ ಯಾರ ಮಾತನ್ನೂ ಕೇಳದವನು, ನನ್ನ ಮಾತನ್ನು ಅಷ್ಟಿಷ್ಟು ಕೇಳುತ್ತಿದ್ದವನು. "ಹಚ್ಚಸು ಕಾಕಾ" ಎಂದಿದ್ದರೆ ಸಾಕಿತ್ತು. ನಮ್ಮಲ್ಲಿ ತಪ್ಪು ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕುತ್ತೇವೆ. ಇದನ್ನು ಎರಡು ವರ್ಷ ತಡವಾಗಿ ಹಾಕುತ್ತಿದ್ದೇನೆ: ಎರಡೂ ಕಡೆ ಸತ್ಯ ಇರಲಿಲ್ಲ. ಒಂದೇ ಕಡೆ ಇತ್ತು.

ಕೊನೆಗೆ ಮಿಸ್ತ್ರಿ. ಅವರು ಕೈ ಮುಗಿದು ಹೇಳಿದರು: "ನನ್ನ ಏನ್ ಕೇಳ್ತೀರಿ ಸಾಹೇಬ್ರ? ಗಾಡಿ ಯಾರ ಹೆಸರಿನ ಮ್ಯಾಲೆ ಐತಿ, ಅವ್ರನ್ನ ಕೇಳ್ರಿ."

ಕಾರು ಚಿಗವ್ವನ ಹೆಸರಿನಲ್ಲಿತ್ತು! ಸರಕಾರಿ ನೌಕರ ತನ್ನ ಹೆಸರಿನಲ್ಲಿ ಕಾರು ಕೊಂಡರೆ ಮೇಲಿನವರಿಗೆ ನೂರೆಂಟು ಕಾಗದ ಬರೆಯಬೇಕೆಂದು, ಕಾಕಾ ಅದನ್ನು ಕೊಂಡ ದಿನವೇ ಅವಳ ಹೆಸರಿಗೆ ಮಾಡಿಸಿದ್ದ. ಎಲ್ಲರಿಗೂ ನೋಟೀಸು ಕಳಿಸಿದ ಭೂಮಾಪಕ ಖಾತೆದಾರರಿಗೇ ಕಳಿಸಿರಲಿಲ್ಲ. ಖಾತೆದಾರರು ಆ ಹೊತ್ತಿಗೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಹಂಗಾರ ಈಗ ಕೇಳ್ರಲ್ಲ, ಇಲ್ಲೇ ನಿಂತಾರ" ಎಂದರು ಮಿಸ್ತ್ರಿ.

ಕಾಕಾ ಪುಸ್ತಕ ಮುಚ್ಚಿದ. "ನೋಟೀಸ್ ಇಲ್ದ ಹೇಳಿಕಿ ತಗೊಳ್ಳಾಕ ಬರಂಗಿಲ್ಲ. ಮತ್ತೊಂದು ತಾರೀಖು ಕೊಡಬೇಕು."

"ತಾರೀಖು ಕೊಡೂತನಕ ಚಾ ಆರಿ ಹೋಗ್ತದ. ಕುಡೀರಿ" ಎಂದಳು ಚಿಗವ್ವ.

ಮೂರು ದಿನದ ಮೇಲೆ ಅವಳಿಗೆ ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಬಂತು. ಕಳಿಸಿದವರ ವಿಳಾಸವೂ ಅದೇ ಮನೆ, ಪಡೆದವರ ವಿಳಾಸವೂ ಅದೇ ಮನೆ. ಪೋಸ್ಟ್‌ಮನ್ ಎರಡು ಸಲ ಓದಿ, "ಅವ್ವಾ, ಜಗಳ ಆಡೀರೇನ್ರಿ?" ಎಂದು ಕೇಳಿದನಂತೆ. ಅವಳು ಸಹಿ ಹಾಕಿ ತೆಗೆದುಕೊಂಡಳು. ಅಂದೇ ಉತ್ತರವನ್ನೂ ಬರೆದಳು: "ಬ್ರೇಕ್ ಹಚ್ಚಿಸಿರಿ. ನಾನು ಅಕ್ಕನ ಮನೆಗೆ ಹೋಗಬೇಕು." ಕಾಕಾ ಅದನ್ನು ವಾಪಸ್ ಕೊಟ್ಟ. ಕಾರಣ, ಕಾಗದದ ಮೇಲೆ ತಾರೀಖು ಹಾಕಿರಲಿಲ್ಲ.

ಈ ಭಾಗವನ್ನು ನಾನು ನಮ್ಮ ಕಚೇರಿಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಚಿಗವ್ವ ಆ ಕಾಗದವನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟಳು. ತಾರೀಖು ಹಾಕಿ ಮತ್ತೆ ಕೊಡಲಿಲ್ಲ. ಎರಡನೆಯ ಲೈಸೆನ್ಸೂ ತೀರಿತು. ಆಮೇಲೆ ಒಂದು ವರ್ಷ ಅವಳು ಹೊಸದಕ್ಕೆ ಅರ್ಜಿಯನ್ನೇ ಹಾಕಲಿಲ್ಲ.

ಮೂರನೆಯದನ್ನು ತಂದ ಮೇಲೆ ಅವಳು ಬೇರೆ ದಾರಿ ಹಿಡಿದಳು. ಬ್ರೇಕು ಬದಲಾಗದಿದ್ದರೆ ಕಾಲು ಬದಲಾಗಲಿ! ದಿನಾ ಬೆಳಿಗ್ಗೆ, ಕಾಕಾ ವಾಕಿಂಗ್ ಹೋದಾಗ, ಅಂಗಳದಲ್ಲಿ ನಿಂತ ಕಾರಿನೊಳಗೆ ಹೋಗಿ ಕೂತು ಪೆಡಲು ಒತ್ತುವುದು. ಮೊದಲ ವಾರ ಇಪ್ಪತ್ತು ಸಲ, ಆಮೇಲೆ ಐವತ್ತು, ಆಮೇಲೆ ನೂರು. ಒಂದು ದಿನ ನಾನು ಹೋದಾಗ ಕಾರಿನ ಹಿಂದಿನ ಕೆಂಪು ದೀಪಗಳು ಹೊತ್ತುತ್ತಿದ್ದವು, ಆರುತ್ತಿದ್ದವು. ಇಣುಕಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತುಟಿ ಕಚ್ಚಿ ಒತ್ತುತ್ತಿದ್ದಳು.

"ಚಿಗವ್ವಾ, ಬ್ಯಾಟರಿ ಇಳೀತದ."

"ನಂದೇನು ಇಳೀವಲ್ದಾ ಯಪ್ಪಾ? ಎಂಬತ್ತೆರಡು ಆತು. ಮಾತಾಡಸಬ್ಯಾಡ, ಲೆಕ್ಕ ತಪ್ತದ."

ನಾನು ಒಳಗೆ ಹೋಗಿ ಪೇಪರ್ ಓದುತ್ತ ಕೂತೆ.

ಮೂರನೆಯ ಲೈಸೆನ್ಸು ತೀರುವುದರೊಳಗೆ ಕಾಕಾ ಪುಸ್ತಕದ ಕೊನೆಯ ಪುಟಕ್ಕೆ ಬಂದಿದ್ದ. ಇನ್ನೊಂದು ಅಳತೆ, ಆಮೇಲೆ ಆದೇಶ ಎನ್ನುತ್ತಿದ್ದ. ನಾಲ್ಕನೆಯದಕ್ಕೆ ಅರ್ಜಿ ಹಾಕಲು ಹೋದಾಗ ವೈದ್ಯರ ಪ್ರಮಾಣಪತ್ರ ಬೇಕಾಯಿತು. ಹಿಂದಿನ ಮೂರು ಸಲವೂ ಬೇಕಾಗಿತ್ತು, ಸಿಕ್ಕಿತ್ತು. ಈ ಸಲ ಡಾಕ್ಟರು ಗೋಡೆಯ ಅಕ್ಷರ ಓದಿಸಿದರು, ಎದುರಿಗೆ ಬೆರಳಾಡಿಸಿದರು, ಮತ್ತೆ ಆಡಿಸಿದರು. ಬಲಗಡೆಯಿಂದ ಬಂದ ಬೆರಳು ಚಿಗವ್ವನಿಗೆ ಕಾಣಲಿಲ್ಲ. ರಾಯಚೂರಿನ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣಿನೊಳಗಿನ ಒತ್ತಡ ಏರಿ ನೋಟದ ಅಂಚುಗಳು ಹೋಗಿವೆ ಎಂದರು. ಹೋದದ್ದು ವಾಪಸ್ ಬರುವುದಿಲ್ಲ, ಇದ್ದದ್ದನ್ನು ಹನಿ ಹಾಕಿ ಕಾಯ್ದುಕೊಳ್ಳಬೇಕು, ಗಾಡಿ ಮಾತ್ರ ನಡೆಸಬಾರದು ಎಂದರು.

"ಯಾವಾಗಿಂದ ಆಗಿರಬಹುದ್ರೀ?" ಎಂದು ಕೇಳಿದ ಕಾಕಾ.

"ಹೇಳಾಕ ಬರೂದಿಲ್ಲ. ಈ ವರ್ಷ-ಎರಡು ವರ್ಷದಾಗ ಹೆಚ್ಚಾಗಿರಬೇಕು."

ಹೊರಗೆ ಬಂದ ಮೇಲೆ ಅವನು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ನಾ ಬ್ರೇಕ್ ಅಳೀತಿದ್ದಿಲ್ಲಲೇ ತಮ್ಮ" ಎಂದ. "ಆಕಿ ಗಾಡಿ ತಗೊಂಡು ಹೋದ್ಲಂದ್ರ, ಸಂಜೀತನಕ ಮನ್ಯಾಗ ನಾ ಒಬ್ನ ಏನ್ ಮಾಡ್ಲಿ ಅಂತಿದ್ದೆ."

ಮರುದಿನವೇ ಕಾರು ಲಿಂಗಸುಗೂರಿನಲ್ಲಿತ್ತು. ನೋಟೀಸಿಲ್ಲ, ಅಳತೆಯಿಲ್ಲ, ಪಂಚನಾಮೆಯಿಲ್ಲ. "ಈಗ ಯಾತಕ್ರೀ, ನೀವು ನಡಸೂದಕ್ಕ ಹಳೇದ ನಡೀತಿತ್ತಲ್ಲ" ಎಂದಳು ಚಿಗವ್ವ. ಬುಧವಾರ ಕೆಲಸ ಮುಗಿದಾಗ ಮಿಸ್ತ್ರಿ ಕಾರನ್ನು ನೆಲದಿಂದೆತ್ತಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ್ದರು. ಕಾಕಾ ಬಾಗಿಲು ತೆಗೆದು ಚಿಗವ್ವನಿಗೆ, "ಕುಂದ್ರು" ಎಂದ.

"ನನಗ ಬ್ಯಾಡ ಅಂದಾರ ಡಾಕ್ಟ್ರು."

"ನೆಲದ ಮ್ಯಾಲೆ ಬ್ಯಾಡ ಅಂದಾರ. ಕುಂದ್ರು ನೀ."

ಅವಳು ಕೂತಳು. ಎಂಜಿನ್ ಶುರುವಾಯಿತು, ಗೇರು ಬಿತ್ತು, ಹಿಂದಿನ ಗಾಲಿಗಳು ಗಾಳಿಯಲ್ಲಿ ತಿರುಗಿದವು. ಜೋರಾಗಿ ತಿರುಗಿದವು. ಕಾಕಾ ಕಿಟಕಿಗೆ ಬಗ್ಗಿ, "ಹಿಡಿ" ಎಂದ. ಅವಳು ಕ್ಲಚ್ಚು ಒತ್ತಿದಳು. ಎರಡೂ ಕಾಲು ಕೊಟ್ಟು ರೂಢಿಯಾಗಿದ್ದವಳು ಒಮ್ಮೆ ಮಿಸ್ತ್ರಿಯ ಮುಖ ನೋಡಿ, ಚಪ್ಪಲಿ ಕಳಚಿ, ಬಲಗಾಲಿನ ಬೆರಳುಗಳನ್ನಷ್ಟೇ ಪೆಡಲಿನ ಮೇಲಿಟ್ಟಳು. ಗಾಲಿಗಳು ನಿಂತವು.

"ಇಷ್ಟ ಸಾಕೇನ್ರಿ?" ಎಂದಳು.

"ಸಾಕ್ರಿ ಅವ್ವಾರ" ಎಂದರು ಮಿಸ್ತ್ರಿ.

ಕಾಕಾ ಗ್ಯಾರೇಜಿನ ಹಿಂದಿನ ಗೋಡೆಯ ಕಡೆ ಹೋಗಿ, ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಬಹಳ ಹೊತ್ತು ಒರೆಸಿದ.

ಈಗ ಪ್ರತಿ ಸೋಮವಾರ ಇಬ್ಬರೂ ಮಸ್ಕಿಗೆ ಹೋಗುತ್ತಾರೆ. ಕಾಕಾ ಅಕ್ಕನ ಮನೆಯ ಒಳಗೆ ಬರುವುದಿಲ್ಲ. ಕಾರಿನಲ್ಲೇ ಕೂತಿರುತ್ತಾನೆ. ಚಿಗವ್ವ ಮಾತು ಮುಗಿದ ಮೇಲೆ ಎದ್ದು ಬರುತ್ತಾಳೆ. ಕಳೆದ ಸೋಮವಾರ ನಾನೂ ಹಿಂದಿನ ಸೀಟಿನಲ್ಲಿದ್ದೆ. ಸ್ಟೀರಿಂಗ್ ಕಾಕಾನ ಕೈಯಲ್ಲಿತ್ತು, ಚಿಗವ್ವ ಎಡಗಡೆ ಕೂತು ರಸ್ತೆ ನೋಡುತ್ತಿದ್ದಳು. ಅವಳು "ಹಿಡೀರಿ" ಎಂದಾಗ ಕಾಕಾ ಬ್ರೇಕು ಒತ್ತಿದ. ಸಿಂಧನೂರಿನಿಂದ ಮಸ್ಕಿಯವರೆಗೆ ಅವಳು ಹದಿನಾಲ್ಕು ಸಲ "ಹಿಡೀರಿ" ಎಂದಳು. ಅದರಲ್ಲಿ ನಾಲ್ಕು ಸಲ ರಸ್ತೆಯಲ್ಲಿ ಏನೂ ಇರಲಿಲ್ಲ. ಕಾಕಾ ಹದಿನಾಲ್ಕು ಸಲವೂ ಹಿಡಿದ.